ಫಾರಂ ಕೋಳಿ, ಹೈಬ್ರಿಡ್ ತರಕಾರಿ: ಭಯ ಯಾವುದಕ್ಕೆ, ಎಚ್ಚರ ಯಾವುದಕ್ಕೆ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೈತಖೋಲ ಬಂದರಿನಲ್ಲಿ ಬೋಟುಗಳು ನಿಂತುಬಿಡುವ ಈ 61 ದಿನಗಳಲ್ಲಿ ನಮ್ಮ ಮನೆಗಳಲ್ಲಿ ಮೀನಿನ ಜಾಗಕ್ಕೆ ಕೋಳಿ ಬರುತ್ತದೆ. ಅದರ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. “ಡಾಕ್ಟ್ರೇ, ಇದು ಇಂಜೆಕ್ಷನ್ ಕೋಳಿಯಂತೆ, ಹುಡುಗಿಗೆ ಕೊಡಬಹುದಾ?” ಎಂದು ತಾಯಂದಿರು ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ. ಗಂಡುಮಕ್ಕಳ ತಟ್ಟೆಗೆ ಹಾಕಿ, ಹೆಣ್ಣುಮಕ್ಕಳಿಗೆ ಕೋಳಿ, ಮೊಟ್ಟೆ ಎರಡನ್ನೂ ನಿಲ್ಲಿಸಿಬಿಡುತ್ತಾರೆ.

ಇದು ಸಣ್ಣ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಆಧಾರವಿಲ್ಲದ ಮಾತು ಕೇಳಿ ಬೆಳೆಯುವ ಹುಡುಗಿಯ ಊಟ ಕಡಿಮೆ ಮಾಡುವುದು ಸರಿಯೇ? ಒಂದೊಂದೇ ನಂಬಿಕೆಯನ್ನು ನೋಡೋಣ.

ನಂಬಿಕೆ 1: ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಬೆಳೆಸುತ್ತಾರೆ

ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಅದನ್ನು ಮೇವಿನಲ್ಲಿ ಬೆರೆಸಿದರೆ ಬೇಳೆಯಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ನುಂಗದೆ ಚುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ. ಹಾಗಾದರೆ ಸಾವಿರಾರು ಕೋಳಿಗಳನ್ನು ದಿನಾ ಹಿಡಿದು ಚುಚ್ಚಬೇಕು. ಅದರ ಖರ್ಚು ಕೋಳಿಯ ಬೆಲೆಗಿಂತ ಹೆಚ್ಚಾಗುತ್ತದೆ. ಯಾವ ವ್ಯಾಪಾರಿಯೂ ಅಂಥ ನಷ್ಟ ಮಾಡಿಕೊಳ್ಳುವುದಿಲ್ಲ.

ಫಾರಂನಲ್ಲಿ ಔಷಧ ಹಾಕುವುದನ್ನು ಕಂಡವರಿದ್ದಾರೆ. ಅದರಲ್ಲಿ ಬಹುಪಾಲು ಲಸಿಕೆ. ರಾಣಿಖೇತ್, ಗುಂಬೋರೋ ಎಂಬ ಕೋಳಿರೋಗಗಳಿಗೆ ಕಣ್ಣಿಗೆ ಹನಿ ಬಿಟ್ಟು ಅಥವಾ ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುತ್ತಾರೆ. ಕೆಲವನ್ನು ಸೂಜಿಯಿಂದಲೂ ಕೊಡುವುದುಂಟು. ನಮ್ಮ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಿದ ಹಾಗೆ.

ಮತ್ತೆ ಆರು ವಾರದಲ್ಲಿ ಎರಡು ಕಿಲೋ ತೂಗುವುದು ಹೇಗೆ? ತಳಿ ಆಯ್ಕೆಯಿಂದ. ಬೇಗ ಬೆಳೆದ ಹುಂಜ, ಬೇಗ ಬೆಳೆದ ಹೇಂಟೆಗಳನ್ನೇ ಆರಿಸಿ ಮರಿ ಮಾಡಿಸುವುದು, ಆ ಮರಿಗಳಲ್ಲಿ ಮತ್ತೆ ಆರಿಸುವುದು. ಹೀಗೆ ಹತ್ತಾರು ತಲೆಮಾರು ನಡೆದಿದೆ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 1978ರ ತಳಿ ಮತ್ತು 2005ರ ತಳಿಯನ್ನು ಒಂದೇ ಮೇವು ಹಾಕಿ ಸಾಕಿದರು. 56ನೇ ದಿನ ಅವುಗಳ ತೂಕ ಕ್ರಮವಾಗಿ ಸುಮಾರು 900 ಗ್ರಾಂ, 1,800 ಗ್ರಾಂ ಮತ್ತು 4,200 ಗ್ರಾಂ. ಮೇವು ಒಂದೇ ಆಗಿದ್ದುದರಿಂದ ವ್ಯತ್ಯಾಸ ಬಂದಿದ್ದು ತಳಿಯಿಂದ ಎಂಬುದು ಸ್ಪಷ್ಟ.

ನಂಬಿಕೆ 2: ಬ್ರಾಯ್ಲರ್‌ಗೆ ತಂದೆ ತಾಯಿಯಿಲ್ಲ, ಅದು ಗಂಡೂ ಅಲ್ಲ ಹೆಣ್ಣೂ ಅಲ್ಲ

ಈ ಮಾತಿನಿಂದ ಕೆಲವರಿಗೆ ಹಲಾಲ್ ಬಗ್ಗೆಯೇ ಸಂಶಯ ಬಂದಿದೆ. ಬ್ರಾಯ್ಲರ್ ಮರಿಗೂ ಹುಂಜ, ಹೇಂಟೆ ಇವೆ. ಅವನ್ನು ಬೇರೆ ಫಾರಂನಲ್ಲಿ ಸಾಕುತ್ತಾರೆ. ಕಾವು ಕೊಡುವುದು ಮಾತ್ರ ಯಂತ್ರ. ಮರಿ ಹೊರಬರಲು ಊರ ಕೋಳಿಯಂತೆ ಅದೇ 21 ದಿನ ಬೇಕು. ಗಂಡು ಹೆಣ್ಣು ಗುರುತು ಸಿಗದಿರುವುದು ವಯಸ್ಸಿನಿಂದ. ಕೋಳಿ ಪ್ರಾಯಕ್ಕೆ ಬರಲು ಸುಮಾರು ಐದು ತಿಂಗಳು ಬೇಕು. ನಾವು ಕೊಯ್ಯುವುದು ಒಂದೂವರೆ ತಿಂಗಳಿಗೆ. ಬಿಟ್ಟು ಸಾಕಿದರೆ ಹುಂಜ ಕೂಗುತ್ತದೆ, ಹೇಂಟೆ ಮೊಟ್ಟೆ ಇಡುತ್ತದೆ.

ಇನ್ನೊಂದು ಮಾತು. ಬಣ್ಣದ ಗರಿ ಇದ್ದ ಮಾತ್ರಕ್ಕೆ ಅದು ಊರ ಕೋಳಿಯಲ್ಲ. ಹಿತ್ತಿಲಲ್ಲಿ ಸಾಕುವ ‘ಗಿರಿರಾಜ’ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಮಿಶ್ರ ತಳಿ. ಅದನ್ನು ತಿನ್ನುವುದರಲ್ಲಿ ತಪ್ಪಿಲ್ಲ, ಊರ ಕೋಳಿ ಎಂದು ದುಪ್ಪಟ್ಟು ಬೆಲೆ ಕೊಡಬೇಕಾಗಿಲ್ಲ ಅಷ್ಟೆ.

ನಂಬಿಕೆ 3: ಇದನ್ನು ತಿಂದರೆ ಹುಡುಗಿಯರು ಬೇಗ ಋತುಮತಿಯರಾಗುತ್ತಾರೆ

ಹಿಂದಿನವರಿಗಿಂತ ಈಗಿನ ಹುಡುಗಿಯರು ಸ್ವಲ್ಪ ಬೇಗ ಋತುಮತಿಯರಾಗುವುದು ನಿಜ. ಮುಖ್ಯ ಕಾರಣ ಒಟ್ಟಾರೆ ಪೋಷಣೆ ಸುಧಾರಿಸಿದ್ದು ಮತ್ತು ಮೈಯಲ್ಲಿ ಕೊಬ್ಬು ಹೆಚ್ಚಿದ್ದು. ದಿನಾ ಬೇಕರಿ ತಿಂಡಿ, ಸಿಹಿ ಪಾನೀಯ, ಆಟವಿಲ್ಲದ ಸಂಜೆ, ಇವುಗಳ ಬಗ್ಗೆ ಯೋಚಿಸಿ. ಕೋಳಿ ತುಂಡನ್ನು ದೂರಿ ಫಲವಿಲ್ಲ. ಆದರೆ ಎಣ್ಣೆಯಲ್ಲಿ ಕರಿದ ಕೋಳಿ ದಿನಾ ಬೇಡ. ಎಂಟು ವರ್ಷ ತುಂಬುವ ಮೊದಲೇ ಹುಡುಗಿಯ ಎದೆ ಬೆಳೆಯುತ್ತಿದ್ದರೆ ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ನಂಬಿಕೆ 4: ಹೈಬ್ರಿಡ್ ಎಂದರೆ ಕುಲಾಂತರಿ

ಹೈಬ್ರಿಡ್ ಎಂದರೆ ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಸೇರಿಸಿ ಪಡೆದ ಬೀಜ. ಅದರ ಬೀಜವನ್ನು ಮತ್ತೆ ಬಿತ್ತಿದರೆ ಗಿಡಗಳು ಒಂದೇ ಸಮ ಬರುವುದಿಲ್ಲ. ಇದು ಆನುವಂಶಿಕತೆಯ ನಿಯಮ, ಬೀಜದಲ್ಲಿ ವಿಷವಿದೆ ಎಂದು ಅರ್ಥವಲ್ಲ. ಕುಲಾಂತರಿ ಎಂದರೆ ಪ್ರಯೋಗಾಲಯದಲ್ಲಿ ಬೇರೊಂದು ಜೀವಿಯ ವಂಶವಾಹಿಯನ್ನು ಗಿಡಕ್ಕೆ ಸೇರಿಸುವುದು. ನಮ್ಮ ದೇಶದ ರೈತರು ಅನುಮತಿಯೊಂದಿಗೆ ಬೆಳೆಯುತ್ತಿರುವ ಕುಲಾಂತರಿ ಬೆಳೆ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ ಮಾತ್ರ. ಬಿಟಿ ಬದನೆಯನ್ನು 2010ರಲ್ಲಿ ಕೇಂದ್ರ ಸರ್ಕಾರ ತಡೆಹಿಡಿಯಿತು. ಬೀಜವಿಲ್ಲದ ಕಲ್ಲಂಗಡಿಯೂ ಕುಲಾಂತರಿಯಲ್ಲ, ಅದು ವಿಶೇಷ ರೀತಿಯ ಮಿಶ್ರ ತಳಿ.

ಬೆರಕೆ ಮಾಡಿ ತಳಿ ಪಡೆಯುವುದರಿಂದ ನಾಡಿಗೆ ಒಳ್ಳೆಯದೇ ಆಗಿದೆ. ಮಂಡ್ಯದಲ್ಲಿ ‘ರಾಗಿ’ ಲಕ್ಷ್ಮಣಯ್ಯನವರು ಭಾರತದ ರಾಗಿ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಅದರ ರೊಟ್ಟಿ ತಿಂದು ಯಾರೂ ಕೆಡಲಿಲ್ಲ. ಅಂಕೋಲೆಯ ಕರಿ ಈಶಾಡ ಮಾವಿನ ರುಚಿ ಮರದಿಂದ ಮರಕ್ಕೆ ಹಾಗೆಯೇ ಉಳಿದು ಬರಲು ಕಸಿ ಕಟ್ಟುವ ಕೈಯೇ ಕಾರಣ. ಪ್ರವಾದಿ(ಸ)ರ ಕಾಲದಲ್ಲಿ ಮದೀನಾದ ರೈತರು ಗಂಡು ಖರ್ಜೂರದ ಹೂವನ್ನು ಹೆಣ್ಣು ಮರಕ್ಕೆ ಕೈಯಾರೆ ಸೇರಿಸುತ್ತಿದ್ದರು. ಇಂಥ ಕೃಷಿ ವಿಷಯವನ್ನು ಪ್ರವಾದಿ(ಸ)ರು ಅವರ ಅನುಭವಕ್ಕೇ ಬಿಟ್ಟರು ಎಂಬುದು ಹದೀಸ್‌ನಿಂದ ನಮಗೆ ತಿಳಿದಿದೆ.

ಹಾಗಾದರೆ ಎಚ್ಚರ ಯಾವುದಕ್ಕೆ?

ಆ್ಯಂಟಿಬಯೋಟಿಕ್‌ಗೆ. ಇಲ್ಲದ ಹಾರ್ಮೋನಿಗೆ ಹೆದರುವ ನಾವು ಇರುವ ಅಪಾಯವನ್ನು ಮರೆಯುತ್ತೇವೆ. ಇಕ್ಕಟ್ಟಿನಲ್ಲಿ ಸಾಕುವ ಕೋಳಿಗಳಿಗೆ ರೋಗ ಬಾರದಿರಲಿ, ಬೇಗ ಬೆಳೆಯಲಿ ಎಂದು ಕೆಲವು ಕಡೆ ಈ ಔಷಧಗಳನ್ನು ಮೇವಿನಲ್ಲಿ ಬೆರೆಸುತ್ತಾರೆ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಆ ಭಾಗದ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಅವುಗಳ ಅಂಶ ಸಿಕ್ಕಿತು. ಹೀಗೆ ಬೇಕಾಬಿಟ್ಟಿ ಬಳಸಿದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟುತ್ತವೆ. ನಾಳೆ ನಮ್ಮ ಮಗುವಿಗೆ ನ್ಯುಮೋನಿಯಾ ಬಂದಾಗ ಔಷಧ ಕೆಲಸ ಮಾಡದೆ ಹೋಗಬಹುದು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಮುಂತಾದ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿದ್ದು ಇದಕ್ಕಾಗಿಯೇ. ಹಲಾಲ್ ಜೊತೆಗೆ ತಯ್ಯಿಬ್, ಅಂದರೆ ಶುದ್ಧವಾದುದನ್ನು ತಿನ್ನಿ ಎಂದು ಕಲಿತ ನಾವು ಕೇಳಬೇಕಾದ ಪ್ರಶ್ನೆ ಇದು.

ನೀವು ಮಾಡಬೇಕಾದದ್ದು:

• ಪರಿಚಯದ ಅಂಗಡಿಯಲ್ಲಿ ಕೋಳಿ ಎಲ್ಲಿಂದ ಬರುತ್ತದೆ, ಕೊನೆಯ ದಿನಗಳಲ್ಲಿ ಔಷಧ ನಿಲ್ಲಿಸುತ್ತಾರೆಯೇ ಎಂದು ವಿಚಾರಿಸಿ. ಹತ್ತು ಗಿರಾಕಿಗಳು ಕೇಳಿದರೆ ಅಂಗಡಿಯವರೂ ಫಾರಂನವರನ್ನು ಕೇಳುತ್ತಾರೆ.
• ತೂಗಿಬಿದ್ದ, ಮೂಗಿನಿಂದ ನೀರು ಸುರಿಯುವ ಕೋಳಿ ಬೇಡ. ಕೊಯ್ದ ಮೇಲೆ ರಕ್ತ ಪೂರ್ತಿ ಹರಿದುಹೋಗಲಿ.
• ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆಯಬೇಡಿ, ಹನಿ ಸಿಡಿದು ರೋಗಾಣು ಹರಡುತ್ತದೆ. ಪಾತ್ರೆಯಲ್ಲಿ ನಿಧಾನವಾಗಿ ತೊಳೆದು ಪಾತ್ರೆ, ಕೈ, ಸಿಂಕ್ ಎಲ್ಲವನ್ನೂ ಸಾಬೂನಿನಿಂದ ಸ್ವಚ್ಛಗೊಳಿಸಿ.
• ಕೋಳಿಗೂ ಸಲಾಡಿಗೂ ಒಂದೇ ಚಾಕು, ಮಣೆ ಬಳಸಬೇಡಿ.
• ಮೂಳೆಯ ಬಳಿ ಕೆಂಪು ಉಳಿಯದಂತೆ ಬೇಯಿಸಿ. ಚರ್ಮ ತೆಗೆದರೆ ಕೊಬ್ಬು ಬಹಳಷ್ಟು ಕಡಿಮೆಯಾಗುತ್ತದೆ.
• ಕಾಯಿಲೆಯಿಂದ ಎದ್ದವರಿಗೆ ಯುನಾನಿ ಪದ್ಧತಿಯಲ್ಲಿ ಕೋಳಿಯ ಯಖ್ನಿ ಕೊಡುವುದು ರೂಢಿ. ಫಾರಂ ಕೋಳಿಯದ್ದೂ ಆಗುತ್ತದೆ.
• ನೆಗಡಿಗೆಲ್ಲ ಆ್ಯಂಟಿಬಯೋಟಿಕ್ ನುಂಗಬೇಡಿ. ಫಾರಂನವರಿಗೆ ಹೇಳುವ ಮಾತು ನಮಗೂ ಅನ್ವಯಿಸುತ್ತದೆ.

ಮಳೆಗಾಲ ಮುಗಿದು ಬಂಗುಡೆ, ತಾರ್ಲೆ ಬಂದಾಗ ಅದನ್ನೇ ತಿನ್ನಿ, ಒಳ್ಳೆಯದು. ಅಲ್ಲಿಯವರೆಗೆ ಮನೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಬಡಿಸಿ. ಸೊಪ್ಪು, ಬೇಳೆ, ಮೊಟ್ಟೆಯ ಜೊತೆ ಚೆನ್ನಾಗಿ ಬೆಂದ ಎರಡು ತುಂಡು ಕೋಳಿ ಅವರ ತಟ್ಟೆಯಲ್ಲೂ ಇರಲಿ.