ಕೋಡ್ ಬರೆಯುವ ಜಾಣ ಟೂಲ್‌ಗೆ ಸರಳ ಪರದೆ ರೂಪಿಸುವುದು ಹೇಗೆ?

2021ರಲ್ಲಿ ಬಂದ ಗಿಟ್‌ಹಬ್ ಕೋಪೈಲಟ್ ಮುಂದಿನ ಕೋಡ್ ಸಾಲನ್ನು ಬೂದು ಅಕ್ಷರದಲ್ಲಿ ತೋರಿಸುತ್ತಿತ್ತು. ಒಪ್ಪಿಗೆಯಾದರೆ ಟ್ಯಾಬ್ ಒತ್ತಿದರಾಯಿತು. ಕೋಡ್ ಓದಬಲ್ಲವರಿಗೆ ಅಷ್ಟು ಸಾಕು. ಆದರೆ ಬಾಗಲಕೋಟೆ, ಹುನಗುಂದದ ವಿದ್ಯಾರ್ಥಿಗಳು ಊರಿನ ಕಸುಬಿಗೆಂದು ಇಂಥ ಎಐ ಟೂಲ್ ಕಟ್ಟುವುದಾದರೆ, ಕೋಡ್ ಓದಲು ಬಾರದವರೂ ತಪ್ಪು ಹಿಡಿಯುವಂಥ ಪರದೆ ಬೇಕು. ಇಳಕಲ್ ಸೀರೆಯ ನೂಲಿನ ಲೆಕ್ಕಕ್ಕೆ ಪುಟ್ಟ ಪ್ರೋಗ್ರಾಂ ಬರೆಸುವ ಟೂಲ್ ಎಂದಿಟ್ಟುಕೊಳ್ಳಿ.

ಮೊದಲಿಗೆ, ಖಾಲಿ ಚಾಟ್ ಬಾಕ್ಸ್ ಕೊಟ್ಟು ಕೈಬಿಡಬೇಡಿ. ‘ಸೀರೆ ಎಷ್ಟು ಗಜ?’ ಎಂದು ಕೇಳಿ 6, 8, 9ರ ಗುಂಡಿ ಕೊಡಿ. ‘ಸೆರಗಿಗೆ ಕೊಂಡಿ ಇದೆಯೇ?’ ಎಂಬುದು ಮುಂದಿನ ಪ್ರಶ್ನೆ.

ಎರಡನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ. ಕೋಡ್ ಬರೆಯುವ ಮೊದಲು, ತಾನು ಏನೆಂದು ತಿಳಿದುಕೊಂಡಿದೆ ಎಂಬುದನ್ನು ಟೂಲ್ ಕನ್ನಡದಲ್ಲಿ ಹೇಳಬೇಕು. ಕೊಂಡಿಯ ಸೀರೆಯಲ್ಲಿ ಒಡಲಿನ ಹಾಸೇ (ಉದ್ದನೆಯ ನೂಲು) ಬೇರೆ, ಸೆರಗಿನ ಹಾಸೇ ಬೇರೆ. ಎಳೆ ಎಳೆಯಾಗಿ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಹಾಗಾಗಿ ಹಾಸು ಒಂದೊಂದು ಸೀರೆಗೂ ಪ್ರತ್ಯೇಕವಾಗಿ ಸಿದ್ಧವಾಗಬೇಕು. ಇದು ತಿಳಿಯದ ಎಐ ಹತ್ತು ಸೀರೆಗೆ ಒಂದೇ ಉದ್ದನೆಯ ಹಾಸು ಹಿಡಿದು ಲೆಕ್ಕ ಮಾಡೀತು. ಕೋಡ್ ಸಲೀಸಾಗಿ ಓಡುತ್ತದೆ, ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ‘ಹತ್ತೂ ಸೀರೆಗೆ ಒಂದೇ ಹಾಸು ಎಂದುಕೊಂಡಿದ್ದೇನೆ’ ಎಂಬ ಸಾಲು ಪರದೆಯ ಮೇಲಿದ್ದರೆ ನೇಕಾರರು ಅಲ್ಲೇ ತಡೆಯುತ್ತಾರೆ. ಅಂಥ ಪ್ರತಿ ಸಾಲಿನ ಪಕ್ಕ ‘ಸರಿ’, ‘ತಿದ್ದಿ’ ಎಂಬ ಗುಂಡಿಗಳಿರಲಿ.

ತಿದ್ದಿದ ಮೇಲೆ ಹಳೆಯ ಉತ್ತರ, ಹೊಸ ಉತ್ತರ ಅಕ್ಕಪಕ್ಕ ಕಾಣಲಿ. ಬದಲಾವಣೆ ತೋರಿಸಲು ಬಣ್ಣವೊಂದನ್ನೇ ನಂಬಬೇಡಿ, ಬಣ್ಣ ಗುರುತಿಸಲಾಗದವರೂ ಇದ್ದಾರೆ. ‘ಬದಲಾಗಿದೆ’ ಎಂದು ಬರೆಯಿರಿ. ‘ಹಿಂದಿನಂತೆ ಮಾಡಿ’ ಗುಂಡಿ ಸದಾ ಒಂದೇ ಜಾಗದಲ್ಲಿರಲಿ.

ಇಂಗ್ಲಿಷ್ ಅಳತೆಯ ಸಾಲಂತರದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗಬಹುದು. ಅಕ್ಷರದ ಗಾತ್ರದ 1.6 ಪಟ್ಟು ಅಂತರ ಕೊಟ್ಟು ಫೋನಿನಲ್ಲೇ ನೋಡಿ. ‘ಇನ್‌ವ್ಯಾಲಿಡ್ ಇನ್‌ಪುಟ್’ ಎನ್ನುವ ಬದಲು ‘ಉದ್ದ ಬರೆದಿಲ್ಲ’ ಎನ್ನಿ.

ಕೊನೆಗೆ, ಫೋನನ್ನು ನೇಕಾರರ ಕೈಗೆ ಕೊಟ್ಟು ನೀವು ಮಾತಾಡದೆ ಕೂರಿ. ಐದು ಜನರ ಪರೀಕ್ಷೆಯಲ್ಲೇ ಪರದೆಯ ಬಹುಪಾಲು ದೋಷ ಹೊರಬೀಳುತ್ತದೆ ಎಂದು ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ಇಳಕಲ್ ಮುಗಿದ ಮೇಲೆ ಬಾದಾಮಿ ಬಳಿಯ ಗುಳೇದಗುಡ್ಡಕ್ಕೂ ಹೋಗಿ. ಅಲ್ಲಿಯ ಖಣ ಎಂಬ ಕುಪ್ಪಸದ ಬಟ್ಟೆಗೆ ಸೆರಗೇ ಇಲ್ಲ, ನಿಮ್ಮ ಪ್ರಶ್ನೆಗಳು ಬದಲಾಗಲೇಬೇಕು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ಕೈಗೆತ್ತಿಕೊಳ್ಳಿ.