ಶಾಲೆಯ ದೂರದರ್ಶಕ: ನೇತ್ರಕಗಳ ಮತ್ತು ಪೂರಕ ಸಾಮಗ್ರಿಗಳ ಆಯ್ಕೆ

1980ನೆಯ ಇಸವಿಯ ಫೆಬ್ರುವರಿ 16ರ ಅಪರಾಹ್ನ ಕಾರವಾರ-ಅಂಕೋಲಾ ಕರಾವಳಿಯ ಮೇಲೆ ಚಂದ್ರನ ನೆರಳು ಬಿದ್ದು, ಎರಡು ನಿಮಿಷಗಳಿಗೂ ಮಿಕ್ಕ ಕಾಲ ಸೂರ್ಯನು ಸಂಪೂರ್ಣವಾಗಿ ಮರೆಯಾದನು. ಕಡಲ ಕಡೆಯಿಂದ ಬಂದ ಆ ನೆರಳು ಗದಗ, ರಾಯಚೂರುಗಳತ್ತ ಸಾಗಿತು. ಕಾಳೀನದಿಯ ದಂಡೆಯ ಕದ್ರಾ ಗ್ರಾಮವೂ ಆ ಪಥದೊಳಗೇ ಇದ್ದಿತು. ದೇಶವಿದೇಶಗಳ ವಿಜ್ಞಾನಿಗಳು ಆ ಕೆಲವು ಕ್ಷಣಗಳಿಗಾಗಿ ಉಪಕರಣಗಳೊಡನೆ ಪಥದ ಮೇಲೆ ಬೀಡುಬಿಟ್ಟಿದ್ದರು. ಅದೇ ಹೊತ್ತಿನಲ್ಲಿ ಎಷ್ಟೋ ಜನರು ಬಾಗಿಲು ಮುಚ್ಚಿಕೊಂಡು ಮನೆಯೊಳಗೇ ಉಳಿದಿದ್ದರು. ಸುರಕ್ಷಿತವಾಗಿ ನೋಡುವ ಬಗೆಯನ್ನು ಕಲಿಸುವುದು ಶಾಲೆಯ ಕೆಲಸವೆಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಇಂದು ದಾನಿಗಳ ಔದಾರ್ಯದಿಂದ ಅನೇಕ ಶಾಲೆಗಳಿಗೆ ದೂರದರ್ಶಕಗಳು ಬರುತ್ತಿವೆ. ಆದರೆ ಬಂದ ದೂರದರ್ಶಕ ಒಂದೆರಡು ರಾತ್ರಿ ಅಂಗಳಕ್ಕಿಳಿದು, ಬಳಿಕ ಪ್ರಯೋಗಶಾಲೆಯ ಕಪಾಟು ಸೇರುವುದೂ ಉಂಟು. ಇದಕ್ಕೆ ದೂರದರ್ಶಕದ ದೋಷಕ್ಕಿಂತ ಅದರೊಡನೆ ಬಳಸುವ ನೇತ್ರಕಗಳ ತಪ್ಪು ಆಯ್ಕೆಯೇ ಬಹುಮಟ್ಟಿಗೆ ಕಾರಣ. ಆದ್ದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

ನೇತ್ರಕದ ಕಾರ್ಯ

ದೂರದರ್ಶಕದ ಮುಖ್ಯ ಮಸೂರ ಅಥವಾ ದರ್ಪಣವು ಬೆಳಕನ್ನು ಸಂಗ್ರಹಿಸಿ ಒಂದು ಚಿಕ್ಕ ಬಿಂಬವನ್ನು ಮೂಡಿಸುತ್ತದೆ. ಕಣ್ಣಿನ ಬಳಿಯಿರುವ ನೇತ್ರಕವು ಆ ಬಿಂಬವನ್ನು ಹಿಗ್ಗಿಸಿ ತೋರಿಸುತ್ತದೆ. ಮುಖ್ಯ ದರ್ಪಣದ ಸಂಗಮದೂರವನ್ನು ನೇತ್ರಕದ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. ಆರಂಭಿಕರಲ್ಲಿ ಬಹಳ ಬಳಕೆಯಲ್ಲಿರುವ, 114 ಮಿ.ಮೀ. ವ್ಯಾಸದ, 900 ಮಿ.ಮೀ. ಸಂಗಮದೂರದ ಪ್ರತಿಫಲಕ ದೂರದರ್ಶಕವನ್ನೇ ಉದಾಹರಣೆಯಾಗಿಟ್ಟುಕೊಳ್ಳೋಣ. ಅದಕ್ಕೆ 25 ಮಿ.ಮೀ. ನೇತ್ರಕವನ್ನು ಹಾಕಿದರೆ 36 ಪಟ್ಟು, 10 ಮಿ.ಮೀ. ನೇತ್ರಕಕ್ಕೆ 90 ಪಟ್ಟು, 4 ಮಿ.ಮೀ. ನೇತ್ರಕಕ್ಕೆ 225 ಪಟ್ಟು ವರ್ಧನೆ. ಅಂದರೆ ನೇತ್ರಕದ ಮೇಲಿನ ಅಂಕಿ ಕಿರಿದಾದಷ್ಟೂ ವರ್ಧನೆ ಹಿರಿದು.

ಹೆಚ್ಚಿನ ವರ್ಧನೆಯ ಭ್ರಮೆ

4 ಮಿ.ಮೀ. ನೇತ್ರಕದೊಡನೆ ಮೂರುಪಟ್ಟಿನ ಬಾರ್ಲೋ ಮಸೂರವನ್ನು ಸೇರಿಸಿ, ಪೆಟ್ಟಿಗೆಯ ಮೇಲೆ '675 ಪಟ್ಟು' ಎಂದು ಅಚ್ಚೊತ್ತಿದ ದೂರದರ್ಶಕಗಳು ಮಾರುಕಟ್ಟೆಯಲ್ಲಿವೆ. ಲೆಕ್ಕ ಸರಿಯೇ, ಫಲ ಮಾತ್ರ ಶೂನ್ಯ. ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಉಪಯುಕ್ತ ವರ್ಧನೆಯ ಮೇಲ್ಮಿತಿ. 114 ಮಿ.ಮೀ. ದರ್ಪಣಕ್ಕೆ ಇದು 228 ಪಟ್ಟು ಆಗುತ್ತದೆ. ವಾತಾವರಣ ಅಲುಗಾಡುವ ಸಾಮಾನ್ಯ ರಾತ್ರಿಗಳಲ್ಲಿ 150ರ ಆಚೆ ಹೋಗುವುದೇ ಕಷ್ಟ. ವರ್ಧನೆ ಇಮ್ಮಡಿಯಾದಾಗ ಬಿಂಬದ ಮೇಲ್ಮೈ ಪ್ರಕಾಶ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದನ್ನೂ ಗಮನಿಸಬೇಕು.

ಶಾಲೆಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಭೂಮಿಯ ಆವರ್ತನದಿಂದಾಗಿ ಆಕಾಶಕಾಯಗಳು ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಷ್ಟು ಸರಿಯುತ್ತವೆ. ನೇತ್ರಕದ ತೋರಿಕೆಯ ಕ್ಷೇತ್ರವನ್ನು ವರ್ಧನೆಯಿಂದ ಭಾಗಿಸಿದರೆ ಆಕಾಶದ ಎಷ್ಟು ಭಾಗ ಕಾಣುತ್ತದೆಂಬುದು ತಿಳಿಯುತ್ತದೆ. 50 ಡಿಗ್ರಿ ಕ್ಷೇತ್ರದ ನೇತ್ರಕಗಳನ್ನು ತೆಗೆದುಕೊಂಡರೆ, 36 ಪಟ್ಟು ವರ್ಧನೆಯಲ್ಲಿ ಸುಮಾರು 1.4 ಡಿಗ್ರಿ ಕಾಣುತ್ತದೆ. ಗ್ರಹವು ಆ ಕ್ಷೇತ್ರವನ್ನು ದಾಟಲು ಐದೂವರೆ ನಿಮಿಷ ಹಿಡಿಯುತ್ತದೆ. 90 ಪಟ್ಟಿನಲ್ಲಿ ಈ ಅವಧಿ ಎರಡು ನಿಮಿಷಕ್ಕೆ ತುಸು ಹೆಚ್ಚು. 225 ಪಟ್ಟಿನಲ್ಲಿ ಅದು ಒಂದು ನಿಮಿಷವೂ ಇಲ್ಲ.

ನಲವತ್ತು ವಿದ್ಯಾರ್ಥಿಗಳು ಸಾಲಾಗಿ ನಿಂತಿರುವರೆಂದು ಭಾವಿಸೋಣ. 225 ಪಟ್ಟಿನಲ್ಲಿ ಅಧ್ಯಾಪಕರು ಪ್ರತಿಯೊಬ್ಬ ವಿದ್ಯಾರ್ಥಿಯ ನಂತರವೂ ಶನಿಗ್ರಹವನ್ನು ಹೊಸದಾಗಿ ಹುಡುಕಬೇಕು. ಸಾಲಿನ ಕೊನೆಯಲ್ಲಿರುವ ಚಿಕ್ಕ ಮಗುವಿನ ಸರದಿ ಬರುವ ವೇಳೆಗೆ ಕ್ಷೇತ್ರದಲ್ಲಿ ಬರಿಯ ಕತ್ತಲೆ. ಏನೂ ಕಾಣದಿದ್ದರೂ 'ಕಂಡಿತು' ಎಂದು ಹೇಳಿ ಮಗು ಮುಂದೆ ಸರಿಯುತ್ತದೆ. ವಿಜ್ಞಾನ ಶಿಕ್ಷಣದಲ್ಲಿ ಇದಕ್ಕಿಂತ ದೊಡ್ಡ ಹಾನಿ ಬೇರಿಲ್ಲ. 36 ಪಟ್ಟಿನಲ್ಲಿ ಶನಿಯ ಬಳೆ ಚಿಕ್ಕದಾಗಿ ಕಂಡರೂ ಸ್ಪಷ್ಟವಾಗಿ ಕಾಣುತ್ತದೆ. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು ಕಾಣುತ್ತವೆ. ಕೃತ್ತಿಕಾ ಪುಂಜದ ಪ್ರಮುಖ ನಕ್ಷತ್ರಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ.

ಕೊಳ್ಳತಕ್ಕವು

ಮೊದಲು ಕೊಳ್ಳಬೇಕಾದುದು 25 ಮಿ.ಮೀ.ನ ಒಳ್ಳೆಯ ನೇತ್ರಕ. ನಾಲ್ಕು ಮಸೂರಗಳ ಪ್ಲಾಸ್ಲ್ ಮಾದರಿಯು ಮಿತವ್ಯಯದ್ದೂ ತೃಪ್ತಿಕರವೂ ಆಗಿದೆ. ಎರಡನೆಯದು 10 ಮಿ.ಮೀ. ನೇತ್ರಕ. ಮೂರನೆಯದು ಇಮ್ಮಡಿ ಬಾರ್ಲೋ ಮಸೂರ. ಈ ಮೂರರಿಂದ 36, 72, 90, 180 ಎಂಬ ನಾಲ್ಕು ವರ್ಧನೆಗಳು ದೊರೆಯುತ್ತವೆ. 10ರ ಬದಲು 12.5 ಮಿ.ಮೀ. ಕೊಂಡರೆ ಅದು ತಾನೇ 72 ಪಟ್ಟು ಕೊಡುತ್ತದೆ. ಬಾರ್ಲೋ ಸೇರಿದ 25 ಮಿ.ಮೀ. ನೇತ್ರಕವೂ ಅಷ್ಟೇ ಕೊಡುವುದರಿಂದ ಹಣ ವ್ಯರ್ಥ. ಕೊಳ್ಳುವ ಮುನ್ನ ಇಂತಹ ಪಟ್ಟಿಯೊಂದನ್ನು ಬರೆದು ನೋಡುವುದು ಲೇಸು.

ಕನ್ನಡಕ ಧರಿಸುವವರ ಅನುಕೂಲವನ್ನೂ ಮರೆಯಬಾರದು. ಪ್ಲಾಸ್ಲ್ ನೇತ್ರಕದಲ್ಲಿ ಕಣ್ಣನ್ನು ಇಡಬೇಕಾದ ದೂರ ಅದರ ಸಂಗಮದೂರದ ಸುಮಾರು ಹತ್ತನೆಯ ಏಳು ಭಾಗ. 25 ಮಿ.ಮೀ.ಗೆ ಇದು ಹದಿನೇಳು ಮಿ.ಮೀ.ನಷ್ಟು, 10 ಮಿ.ಮೀ.ಗೆ ಕೇವಲ ಏಳು. ಕನ್ನಡಕದವರಿಗೆ ಬಾರ್ಲೋ ಸೇರಿಸಿದ 25 ಮಿ.ಮೀ. ನೇತ್ರಕವೇ ಹಿತ. ಹಳೆಯ ಚಿಕ್ಕ ದೂರದರ್ಶಕಗಳ ನೇತ್ರಕದ ಕೊಳವೆಯ ವ್ಯಾಸ 24.5 ಮಿ.ಮೀ. ಇರುವುದುಂಟು; ಇಂದು ರೂಢಿಯಲ್ಲಿರುವುದು 31.7 ಮಿ.ಮೀ. ಆದುದರಿಂದ ಅಳೆದೇ ಕೊಳ್ಳಬೇಕು.

ಉಳಿದ ಸಾಮಗ್ರಿಗಳಲ್ಲಿ ಅಲುಗದ ಮುಕ್ಕಾಲಿಗೆ ಅಗ್ರಸ್ಥಾನ. ಕದ್ರಾದ ಅಕ್ಷಾಂಶ ಸುಮಾರು 15 ಡಿಗ್ರಿ. ಅಲ್ಲಿ ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಸಹ್ಯಾದ್ರಿಯ ಗುಡ್ಡಗಳೂ ಮರಗಳೂ ಅದನ್ನು ಸುಲಭವಾಗಿ ಮರೆಮಾಡುವುದರಿಂದ, ಧ್ರುವಕ್ಕೆ ಗುರಿಯಿಟ್ಟು ಹೊಂದಿಸಬೇಕಾದ ಪೀಠಕ್ಕಿಂತ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ಸರಳ ಪೀಠವೇ ಇಂತಹ ಶಾಲೆಗೆ ಯೋಗ್ಯ. ಕಾಯಗಳನ್ನು ಹುಡುಕಲು ನೆರವಾಗುವ ಚಿಕ್ಕ ಗುರಿದುರ್ಬೀನು, ನಕ್ಷತ್ರಪಟ, ಕೆಂಪು ಕಾಗದ ಹೊದಿಸಿದ ಬ್ಯಾಟರಿ ದೀಪ — ಇಷ್ಟಿದ್ದರೆ ಸಾಕು.

ಸೂರ್ಯನ ವಿಷಯದಲ್ಲಿ ಎಚ್ಚರಿಕೆ

ಕೆಲವು ಪೆಟ್ಟಿಗೆಗಳಲ್ಲಿ ನೇತ್ರಕದ ತಳಕ್ಕೆ ತಿರುಪಿ ಕೂರಿಸುವ ಕಪ್ಪು ಗಾಜಿನ ಚಿಕ್ಕ 'ಸೌರ ಫಿಲ್ಟರ್' ಇರುತ್ತದೆ. ಅದನ್ನು ಒಡನೆಯೇ ನಾಶಮಾಡತಕ್ಕದ್ದು. ದರ್ಪಣವು ಒಗ್ಗೂಡಿಸಿದ ಬಿಸಿಲು ಅದರ ಮೇಲೆಯೇ ಬೀಳುವುದರಿಂದ ಗಾಜು ಹಠಾತ್ತನೆ ಸೀಳಬಹುದು. ಕಣ್ಣು ತೆಗೆಯುವಷ್ಟರಲ್ಲಿ ದೃಷ್ಟಿ ಹೋಗಿರುತ್ತದೆ. ಸೌರ ವೀಕ್ಷಣೆಗೆಂದೇ ತಯಾರಾದ, ದೂರದರ್ಶಕದ ಮುಂಬಾಯಿಯನ್ನು ಪೂರ್ತಿಯಾಗಿ ಮುಚ್ಚುವ ಫಿಲ್ಟರನ್ನು ಮಾತ್ರ ಬಳಸಬೇಕು. ಗುರಿದುರ್ಬೀನಿನ ಬಾಯಿಯನ್ನೂ ಮುಚ್ಚಿಡಬೇಕು. ಅಧ್ಯಾಪಕರು ಕ್ಷಣವೂ ಅಗಲಬಾರದು. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಹಾಯುವ ಕಂಕಣಗ್ರಹಣವು ಕಾರವಾರ ಸೀಮೆಗೆ ಪಾರ್ಶ್ವವಾಗಿ ಒದಗಲಿದೆ. ಆ ದಿನಕ್ಕೆ ಶಾಲೆಗಳು ಈಗಲೇ ಸಿದ್ಧವಾಗುವುದು ಒಳ್ಳೆಯದು.

ಸಂರಕ್ಷಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಈ ಸೀಮೆಯಲ್ಲಿ ಆಕಾಶವನ್ನು ಮುಚ್ಚುವುದಷ್ಟೇ ಅಲ್ಲದೆ ಮಸೂರಗಳಿಗೆ ಬೂಷ್ಟನ್ನೂ ತರುತ್ತದೆ. ಬೂಷ್ಟು ಒಮ್ಮೆ ಗಾಜಿನ ಲೇಪವನ್ನು ತಿಂದರೆ ಮರಳಿ ಸರಿಪಡಿಸಲಾಗದು. ನೇತ್ರಕಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಪೊಟ್ಟಣಗಳನ್ನು ಆಗಾಗ ಒಣಗಿಸುತ್ತಿರಬೇಕು. ಇಬ್ಬನಿ ಕೂತ ಮಸೂರವನ್ನು ಒರೆಸದೆ, ತಾನಾಗಿ ಆರಿದ ಮೇಲೆ ಮುಚ್ಚಳ ಹಾಕಬೇಕು.

ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಳಿಯಾದ ರಾತ್ರಿಗಳು ಈ ಸೀಮೆಗೆ ಪ್ರಕೃತಿಯೇ ಇತ್ತ ದಾನ. ದೂರದರ್ಶಕ ಕೊಡಿಸುವ ಮಹನೀಯರು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ನೋಡದೆ ಒಂದು ಒಳ್ಳೆಯ 25 ಮಿ.ಮೀ. ನೇತ್ರಕಕ್ಕೂ ಗಟ್ಟಿಯಾದ ಮುಕ್ಕಾಲಿಗೂ ಹಣವನ್ನು ವಿನಿಯೋಗಿಸಿದರೆ, ಸಾಲಿನ ಕೊನೆಯ ಮಗುವಿಗೂ ಶನಿಯ ಬಳೆ ನಿಜವಾಗಿ ಕಾಣುತ್ತದೆ. ದಾನದ ಸಾರ್ಥಕ್ಯ ಅಲ್ಲಿದೆ.