ೞಕಾರದ ಹುಡುಕಾಟ

ಹಿಟ್ನಾಳದ ನೆರೆಯ ಕೊಪ್ಪಳವನ್ನು, ಎಂದರೆ ಅಂದಿನ ಕೊಪಣವನ್ನು, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದೆ. ಆ ಕನ್ನಡದಲ್ಲಿ ಳಕಾರದಿಂದ ಬೇರೆಯಾದ ೞಕಾರವೊಂದಿತ್ತು. ‘ಬಾಳ್’ ಎಂದರೆ ಖಡ್ಗ; ‘ಬಾೞ್’ ಎಂದರೆ ಜೀವಿಸು. ಅಕ್ಷರ ತಪ್ಪಿದರೆ ಅರ್ಥವೇ ಕೆಡುತ್ತಿತ್ತು! ಕಾಲಕ್ರಮದಲ್ಲಿ ಎರಡೂ ಬೆರೆತುಹೋಗಲು, ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಮಾತುಗಳನ್ನು ಹುಡುಕಿ ಪಟ್ಟಿಮಾಡಿದನು. 1894ರ ಕಿಟ್ಟೆಲರ ನಿಘಂಟೂ ಅವನ್ನು ಗುರುತಿಸುತ್ತದೆ.

ನಾವೇ ಹುಡುಕಹೊರಟರೆ ತಮಿಳು ನೆರವಾಗುತ್ತದೆ. ಮೞೆ, ಕೋೞಿ, ಏೞು ಎಂಬೀ ಮಾತುಗಳನ್ನು ಅಲ್ಲಿ ಇಂದಿಗೂ ಆ ಅಕ್ಷರದಿಂದಲೇ ಬರೆಯುತ್ತಾರೆ. ಕೆಲವೆಡೆ ಅದು ಳಕಾರವಾಗಿಯೂ ಉಳಿದಿಲ್ಲ. ಹಿಂದಿನ ‘ಕೞ್ತೆ’ಯೇ ಇಂದಿನ ಕತ್ತೆ. ಪಾಪ, ಅದರ ಹೊರೆ ಮಾತ್ರ ಹಗುರವಾಗಲಿಲ್ಲ! ಹಿಟ್ನಾಳದ ಳಕಾರವು ಎರಡರಲ್ಲಿ ಯಾವುದೆಂದು ಇಂದಿನ ಬರೆಹವೊಂದೇ ಹೇಳಲಾರದು. ಹಳೆಯ ಶಾಸನಗಳಲ್ಲಿ ಅರಸಬೇಕು.